ಬಳ್ಳಾರಿಯಲ್ಲಿ ಸ್ವಿಂಗ್ ಬಿಗ್ ಬ್ಯಾಂಡ್ ಕಟ್ಟೋದು ಹೇಗೆ: ಒಂದೇ ಕ್ಲಾಸಲ್ಲಿ ಓದಿದ ಗೆಳೆಯರಿಗೆ

ನಾವು ಹನ್ನೊಂದು ಜನ. ಬಳ್ಳಾರಿಯ ಒಂದೇ ಸ್ಕೂಲಿನಲ್ಲಿ, ಒಂದೇ ವರ್ಷ ಹತ್ತನೇ ಕ್ಲಾಸ್ ಮುಗಿಸಿದವರು. ಈಗ ಒಬ್ಬ ಜೀನ್ಸ್ ಹೊಲಿಸುವ ಯೂನಿಟ್ ನಡೆಸುತ್ತಾನೆ, ಇಬ್ಬರು ಟೀಚರ್, ಒಬ್ಬಳು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ, ಇನ್ನೊಬ್ಬನಿಗೆ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ. ನಾಲ್ಕು ವರ್ಷದಿಂದ ಭಾನುವಾರ ಬೆಳಿಗ್ಗೆ ಸೇರಿ ಸ್ವಿಂಗ್ ನುಡಿಸುತ್ತಿದ್ದೇವೆ. ನಾನು ಎರಡನೇ ಟ್ರಂಪೆಟ್. ನನ್ನ ಪಾರ್ಟ್ ಒಂದನ್ನೇ ಕೇಳಿದರೆ ಅದು ಯಾವ ಹಾಡು ಅಂತ ನಮ್ಮ ಮನೆಯವರಿಗೂ ಗೊತ್ತಾಗುವುದಿಲ್ಲ, ಎರಡು ಮೂರು ಸ್ವರಗಳ ಸುತ್ತಲೇ ತಿರುಗುತ್ತಾ ಇರುತ್ತದೆ. ಆದರೆ ಪಕ್ಕದಲ್ಲಿ ಮೊದಲನೇ ಟ್ರಂಪೆಟ್ ಶುರುವಾಗಿ, ಮುಂದಿನ ಸಾಲಿನಲ್ಲಿ ಟ್ರೊಂಬೋನ್ ಸೇರಿಕೊಂಡಾಗ ಅದೇ ಪಾರ್ಟು ಎದೆಯೊಳಗೆ ಗುಂಯ್ ಅನ್ನುತ್ತದೆ. ಅದಕ್ಕೇ ಹೇಳುತ್ತೇನೆ, ಪಕ್ಕದವರನ್ನು ಕೇಳುತ್ತಾ ಊದುವವರು ಸಿಕ್ಕರೆ ಬ್ಯಾಂಡ್ ಆಗುತ್ತದೆ. ಮಿಕ್ಕದ್ದನ್ನೆಲ್ಲ ಕಲಿಯಬಹುದು.

ಸ್ವಿಂಗ್ ಅಂದ್ರೆ ಕುಣಿಯುವವರಿಗಾಗಿ ನುಡಿಸುತ್ತಿದ್ದ ಜಾಜ್. ಅಮೆರಿಕದಲ್ಲಿ 1935ರಿಂದ ಹೆಚ್ಚುಕಡಿಮೆ ಹತ್ತು ವರ್ಷ ಎಲ್ಲರ ಬಾಯಲ್ಲೂ ಅದೇ. ಬೆನ್ನಿ ಗುಡ್‌ಮನ್, ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ ಇವರೆಲ್ಲ ತಮ್ಮ ತಮ್ಮ ಬ್ಯಾಂಡ್ ಕಟ್ಟಿಕೊಂಡು ಊರೂರು ಸುತ್ತಿದವರು. ನಮ್ಮ ದೇಶಕ್ಕೂ ಅದು ಆಗಲೇ ಬಂದಿತ್ತು. ಟೆಡ್ಡಿ ವೆದರ್‌ಫರ್ಡ್ ಅನ್ನುವ ಅಮೆರಿಕದ ಪಿಯಾನೊ ವಾದಕರು ಮುಂಬೈಯ ತಾಜ್ ಹೋಟೆಲಿನಲ್ಲಿ ನುಡಿಸುತ್ತಿದ್ದರು, 1945ರಲ್ಲಿ ಕೋಲ್ಕತ್ತಾದಲ್ಲೇ ತೀರಿಕೊಂಡರು. ಗೋವಾ ಮೂಲದ ಟ್ರಂಪೆಟ್ ವಾದಕ ಚಿಕ್ ಚಾಕಲೇಟ್ ಅವರು ಸಿ. ರಾಮಚಂದ್ರ ಅವರ ಜೊತೆ ಹಿಂದಿ ಸಿನಿಮಾ ಹಾಡುಗಳಿಗೆ ಕೆಲಸ ಮಾಡಿದರು. ರೇಡಿಯೋದಲ್ಲಿ ಆ ಹಾಡುಗಳನ್ನು ಕೇಳಿ ಬೆಳೆದ ನಮ್ಮ ಅಜ್ಜಿ ತಾತಂದಿರ ಕಿವಿಗೆ ಈ ಸದ್ದು ಹೊಸದೇನಲ್ಲ.

ಯಾರಿಗೆ ಯಾವ ವಾದ್ಯ

ಪೂರ್ತಿ ಬಿಗ್ ಬ್ಯಾಂಡ್ ಅಂದ್ರೆ ಸಾಮಾನ್ಯವಾಗಿ 17 ಜನ. ಐದು ಸ್ಯಾಕ್ಸೋಫೋನ್ (ಎರಡು ಆಲ್ಟೋ, ಎರಡು ಟೆನರ್, ಒಂದು ಬ್ಯಾರಿಟೋನ್), ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಆಮೇಲೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್. ಅಷ್ಟು ಜನ ಸಿಗುವವರೆಗೆ ಕಾಯಬೇಡಿ. ಕಾಯುತ್ತಾ ಕೂತರೆ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಬೆಂಗಳೂರು, ಹೈದರಾಬಾದ್ ಸೇರಿರುತ್ತಾರೆ. ನಮ್ಮಲ್ಲಿ ಎರಡು ಆಲ್ಟೋ, ಒಂದು ಟೆನರ್, ಎರಡು ಟ್ರಂಪೆಟ್, ಒಂದು ಟ್ರೊಂಬೋನ್, ಒಂದು ಯೂಫೋನಿಯಂ, ಜೊತೆಗೆ ರಿದಮ್‌ನ ನಾಲ್ವರು, ಅಂದ್ರೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್. ಊದುವವರು ಏಳು ಜನ ಇದ್ದರೆ ಸಾಕು. ಸ್ಯಾಕ್ಸ್ ಮೂವರು ಒಂದು ಗುಂಪು, ಹಿತ್ತಾಳೆಯ ನಾಲ್ವರು ಇನ್ನೊಂದು ಗುಂಪು. ಒಂದು ಗುಂಪು ಕೇಳುತ್ತದೆ, ಇನ್ನೊಂದು ಉತ್ತರ ಕೊಡುತ್ತದೆ. ಸ್ವಿಂಗ್‌ನ ಅರ್ಧ ರುಚಿ ಆ ಮಾತುಕತೆಯಲ್ಲೇ ಇದೆ.

ಟ್ರೊಂಬೋನ್ ಎರಡನೆಯದು ಸಿಗಲಿಲ್ಲ ಅಂತ ಚಿಂತೆ ಬೇಡ. ಮದುವೆ ಬ್ಯಾಂಡ್‌ನವರ ಹತ್ತಿರ ಯೂಫೋನಿಯಂ ಇರುತ್ತದೆ ನೋಡಿ, ತೊಟ್ಟಿಲ ಹಾಗೆ ತೋಳಲ್ಲಿ ಹಿಡಿದು ಊದುವುದು, ಅದರ ಸ್ವರಗಳ ಎತ್ತರವೂ ಟ್ರೊಂಬೋನ್‌ನಷ್ಟೇ. ಟ್ರೊಂಬೋನ್ ಪಾರ್ಟನ್ನು ಇದ್ದಂತೆಯೇ ಅದರಲ್ಲಿ ನುಡಿಸಬಹುದು. ಟ್ರೊಂಬೋನ್ ಹಿಡಿಯುವವರಿಗೆ ಕೈ ಸ್ವಲ್ಪ ಉದ್ದ ಇದ್ದರೆ ಒಳ್ಳೆಯದು, ಸ್ಲೈಡ್‌ಗೆ ಏಳು ಜಾಗ, ಏಳನೆಯದು ತುಂಬಾ ದೂರ. ಪಿಯಾನೊಗೆ ನಾಟಕದ ಹಾರ್ಮೋನಿಯಂ ಗೊತ್ತಿರುವವರನ್ನು ಹುಡುಕಿ. ಬಳ್ಳಾರಿ ಸುತ್ತಮುತ್ತ ಅಂಥವರಿಗೆ ಕಡಿಮೆಯಿಲ್ಲ. ನಮ್ಮ ಪಿಯಾನೊದವನಿಗೆ ಅವರ ತಾತ ಕಲಿಸಿದ್ದು ನಾಟಕದ ಪೆಟ್ಟಿಗೆ. ಅಂಥವರು ಒಂದು ಅಭ್ಯಾಸ ಬಿಡಬೇಕಾಗುತ್ತದೆ: ಹಾಡುವವರ ಹಿಂದೆಯೇ ರಾಗ ಹಿಡಿದುಕೊಂಡು ಹೋಗುವುದು. ಇಲ್ಲಿ ರಾಗ ಊದುವವರದ್ದು. ಪಿಯಾನೊ ನಡುನಡುವೆ ಸ್ವರಗುಚ್ಛ ಚಿಮುಕಿಸಿದರೆ ಸಾಕು. ಅವನಿಗೆ ಕೈ ಸುಮ್ನೆ ಇಟ್ಟುಕೊಳ್ಳೋಕೆ ಕಲಿಯಲು ಒಂದು ವರ್ಷ ಹಿಡಿಯಿತು, ಈಗ ಅವನು ಬಿಡುವ ಜಾಗಗಳೇ ನಮಗೆ ಇಷ್ಟ.

ವಾದ್ಯ ಮೊದಲೇ ಕೊಳ್ಳಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಬ್ಯಾಂಡ್ ಸೆಟ್‌ನವರ ವಾದ್ಯಗಳು ಗೋಡೆಗೆ ನೇತಾಡುತ್ತಿರುತ್ತವೆ, ಕಲಿಸುವವರಿಗೂ ಸಮಯ ಇರುತ್ತದೆ. ಆಗ ಹೋಗಿ ಬಾಡಿಗೆಗೆ ಕೇಳಿ. ನಾವು ಶುರು ಮಾಡಿದ್ದು ಹಾಗೆಯೇ, ತಲೆಗೆ ತಿಂಗಳಿಗೆ ಐನೂರು ಹಾಕಿ, ಒಂದು ಡಬ್ಬಿಯಲ್ಲಿ ಸೇರಿಸಿ. ಆರು ತಿಂಗಳು ಊದಿದ ಮೇಲೆ ಯಾರಿಗೆ ಯಾವುದು ಒಗ್ಗುತ್ತದೆ ಅಂತ ತಾನೇ ಗೊತ್ತಾಗುತ್ತದೆ. ನಮ್ಮಲ್ಲಿ ಇಬ್ಬರು ಆ ಆರು ತಿಂಗಳಲ್ಲಿ ವಾದ್ಯ ಬದಲಾಯಿಸಿಕೊಂಡರು. ಮೊದಲೇ ಕೊಂಡಿದ್ದರೆ ಆ ಹಣ ಹೋಗುತ್ತಿತ್ತು. ಭಾರತದಲ್ಲಿ ಹಿತ್ತಾಳೆ ವಾದ್ಯ ತಯಾರಾಗುವ ದೊಡ್ಡ ಜಾಗ ಮೀರತ್. ಕಲಿಯುವಾಗ ಅಲ್ಲಿಯ ಟ್ರಂಪೆಟ್ ಸಾಕು, ಆದರೆ ಕೊಳ್ಳುವ ಮೊದಲು ಮೂರೂ ವಾಲ್ವ್ ಒತ್ತಿ ಬಿಟ್ಟು ನೋಡಿ, ಸಿಕ್ಕಿಕೊಳ್ಳಬಾರದು. ಸ್ಯಾಕ್ಸ್ ತರುವಾಗ ಮಾತ್ರ ಅದು ಗೊತ್ತಿರುವವರನ್ನು ಕರೆದುಕೊಂಡೇ ಹೋಗಿ. ತೂತು ಮುಚ್ಚುವ ಪ್ಯಾಡ್ ಒಂದು ಸರಿಯಾಗಿ ಕೂರದಿದ್ದರೂ ಕೆಳಗಿನ ಸ್ವರ ಬರುವುದೇ ಇಲ್ಲ, ಕಲಿಯುವವರು ತಪ್ಪು ತಮ್ಮದೇ ಅಂದುಕೊಂಡು ಅಳುತ್ತಾರೆ.

ಕಲಿಸುವವರ ಬಗ್ಗೆ ಒಂದು ಮಾತು. ನಮಗೆ ತುಟಿ ಹಿಡಿಯೋದು, ಉಸಿರು ತುಂಬಿಸೋದು ಹೇಳಿಕೊಟ್ಟವರು ಕೌಲ್ ಬಜಾರ್ ಕಡೆಯ ಒಬ್ಬ ಬ್ಯಾಂಡ್ ಮಾಸ್ತರು. ನಲವತ್ತು ವರ್ಷ ಮದುವೆ ಮೆರವಣಿಗೆಗಳಲ್ಲಿ ಕ್ಲಾರ್ನೆಟ್ ಊದಿದವರು, ಹಿಂದೆ ಮುಂದೆ ನಡೆಯುತ್ತಲೇ ಎರಡು ಗಂಟೆ ಶ್ರುತಿ ಬಿಡದೆ ಊದಬಲ್ಲವರು. ನಮ್ಮ ಗೆಳತಿಯರಿಬ್ಬರ ಮನೆಯಲ್ಲಿ ಮೊದಲು ಬಂದ ಪ್ರಶ್ನೆ, "ಬಾಜಿ ಊದೋದು ನಮ್ಮ ಮನೆತನದ ಕೆಲಸನಾ?" ಅಂತ. ಈ ಮಾತು ನಿಮ್ಮ ಮನೆಯಲ್ಲೂ ಬರುತ್ತದೆ, ಯಾಕಂದ್ರೆ ನಮ್ಮ ಕಡೆ ಊದುವ ಕೆಲಸವನ್ನು ಜಾತಿಗೆ ಕಟ್ಟಿಹಾಕಿ, ಊದುವವರನ್ನು ಬಾಗಿಲ ಹೊರಗೇ ನಿಲ್ಲಿಸಿದ್ದಾರೆ. ಅದಕ್ಕೆ ತಲೆ ಬಾಗಬೇಡಿ. ಮಾಸ್ತರನ್ನು ಮನೆಯೊಳಗೆ ಕರೆದು ಕೂರಿಸಿ, ಅಪ್ಪ ಅಮ್ಮನ ಎದುರಿಗೆ ಒಂದು ಹಾಡು ಕೇಳಿ. ಪಾಠಕ್ಕೆ ಸರಿಯಾದ ಫೀಸ್ ಕೊಡಿ, ಟ್ಯೂಷನ್ ಮೇಷ್ಟ್ರಿಗೆ ಕೊಡುವಷ್ಟೇ, ಪ್ರತಿ ತಿಂಗಳು ಒಂದನೇ ತಾರೀಕು. ನಮ್ಮ ಗೆಳತಿಯ ಅಪ್ಪ ಆವತ್ತು ಮಾಸ್ತರ ಕ್ಲಾರ್ನೆಟ್ ಕೇಳಿ ಎದ್ದು ಹೋಗಿ ತಾವೇ ಚಹಾ ತಂದರು. ಆಕೆ ಈಗ ನಮ್ಮ ಮೊದಲನೇ ಟ್ರಂಪೆಟ್.

ಸ್ಯಾಕ್ಸ್ ಹಿಡಿದವರಿಗೆ ಎಲ್ಲರೂ ಕದ್ರಿ ಗೋಪಾಲನಾಥ್ ಅವರ ಹೆಸರು ಹೇಳುತ್ತಾರೆ. ಅವರು ಆ ವಾದ್ಯದಲ್ಲಿ ಗಮಕ ತಂದ ರೀತಿ ಕೇಳಿದಷ್ಟೂ ಸಾಲದು, ಕೇಳಿ ಕಲಿಯಿರಿ ಕೂಡ. ಆದರೆ ಮೂವರು ಒಟ್ಟಿಗೆ ಊದುವಾಗ ಒಬ್ಬರು ಮಾತ್ರ ಸ್ವರ ಜಾರಿಸಿದರೆ ಮೂವರ ಹೊಂದಿಕೆಯೇ ಮುರಿದು ಬೀಳುತ್ತದೆ. ಜಾರಿಸುವುದಾದರೆ ಮೂವರೂ ಒಂದೇ ರೀತಿ ಜಾರಿಸಬೇಕು, ಇಲ್ಲದಿದ್ದರೆ ಮೂವರೂ ನೇರ.

ಸ್ವಿಂಗ್ ಎಲ್ಲಿದೆ

ಎಷ್ಟೋ ವಿಡಿಯೋ ನೋಡಿದರೂ ಆರು ತಿಂಗಳವರೆಗೆ ಇದು ನಮಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದು ನಮ್ಮ ಡ್ರಮ್ಮರ್ ತಬಲಾ ಕಲಿತಿದ್ದರಿಂದ. ಅವನು ಒಂದು ದಿನ ಹೇಳಿದ, ಇದು ತಿಶ್ರ ಕಣ್ರೋ ಅಂತ. ಒಂದು ಏಟನ್ನು ಮೂರು ಭಾಗ ಮಾಡಿ, "ತಕಿಟ ತಕಿಟ ತಕಿಟ ತಕಿಟ" ಅಂತ ಬಾಯಲ್ಲಿ ಹೇಳಿ. ಈಗ ನಡುವಿನ "ಕಿ" ಅನ್ನು ನುಂಗಿಬಿಡಿ, "ತ" ಅನ್ನೇ ಅಲ್ಲಿಯವರೆಗೆ ಎಳೆಯಿರಿ. "ತಾ-ಟ ತಾ-ಟ ತಾ-ಟ ತಾ-ಟ". ಒಂದು ಉದ್ದ, ಒಂದು ಗಿಡ್ಡ. ಕಾಗದದ ಮೇಲೆ ಎರಡು ಸಮನಾದ ಸ್ವರ ಬರೆದಿದ್ದರೂ ನುಡಿಸುವುದು ಹೀಗೆ. ಹಾಡಿನ ವೇಗ ಹೆಚ್ಚಾದ ಹಾಗೆ ಈ ಉದ್ದ ಗಿಡ್ಡದ ಅಂತರ ಕಡಿಮೆಯಾಗುತ್ತಾ ಬರುತ್ತದೆ, ತುಂಬಾ ಜೋರಿನ ಹಾಡಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅದಕ್ಕೇ ಶುರುವಿನಲ್ಲಿ ನಿಮಿಷಕ್ಕೆ 120 ಏಟಿನ ಆಸುಪಾಸಿನ ಹಾಡು ಹಿಡಿಯಿರಿ.

ಇನ್ನೊಂದು ಚಪ್ಪಾಳೆಯದ್ದು. ಭಜನೆಯಲ್ಲಿ ನಮ್ಮ ಕೈ ಒಂದನೇ ಏಟಿಗೆ ಬೀಳುತ್ತದೆ, ಅಲ್ವಾ. ಸ್ವಿಂಗ್‌ನಲ್ಲಿ ಎರಡು ಮತ್ತು ನಾಲ್ಕಕ್ಕೆ. ಇದು ಗೊತ್ತಾಗುವುದು ಸುಲಭ, ಮೈಗೆ ಬರುವುದು ಕಷ್ಟ. ಫೋನಿನಲ್ಲಿ ಏಟು ಹೊಡೆಯುವ ಮೆಟ್ರೊನೋಮ್ ಆಪ್ ಹಾಕಿ, 60ಕ್ಕೆ ಇಡಿ, ಅದು ಹೊಡೆಯುವುದನ್ನು ಎರಡು ಮತ್ತು ನಾಲ್ಕು ಅಂದುಕೊಂಡು ನಡುವೆ ನೀವು ಒಂದು ಮತ್ತು ಮೂರು ಹೇಳಿ. ಆಗ ಹಾಡು 120ರಲ್ಲಿ ಇರುತ್ತದೆ. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ ಇದನ್ನೇ ಮಾಡಿ. ವಾದ್ಯ ಮುಟ್ಟುವ ಮೊದಲು ಎರಡು ವಾರ ಇಷ್ಟೇ ಮಾಡಿದರೂ ತಪ್ಪಿಲ್ಲ.

ಡ್ರಮ್ಮರ್ ಸಾಮಾನ್ಯವಾಗಿ ಆರ್ಕೆಸ್ಟ್ರಾ ಕಡೆಯಿಂದ ಬಂದಿರುತ್ತಾನೆ, ಕಾಲಲ್ಲಿ ಬಾಸ್ ಡ್ರಮ್ ಗುದ್ದುವ ಅಭ್ಯಾಸ ಇರುತ್ತದೆ. ಇಲ್ಲಿ ಹಾಡು ನಡೆಯುವುದು ರೈಡ್ ಸಿಂಬಲ್ ಅನ್ನುವ ದೊಡ್ಡ ತಟ್ಟೆಯ ಮೇಲೆ: "ಡಿಂಗ್, ಡಿಂಗ್-ಗ, ಡಿಂಗ್, ಡಿಂಗ್-ಗ". ಎಡಗಾಲಲ್ಲಿ ಹೈ-ಹ್ಯಾಟ್, ಅಂದ್ರೆ ಜೋಡಿ ತಟ್ಟೆ, ಎರಡು ಮತ್ತು ನಾಲ್ಕಕ್ಕೆ ಚಕ್ ಅಂತ ಮುಚ್ಚಬೇಕು. ಬಾಸ್ ಡ್ರಮ್ ನಾಲ್ಕೂ ಏಟಿಗೆ, ಆದರೆ ಕಿವಿಗೆ ಕೇಳದಷ್ಟು ಮೆತ್ತಗೆ, ಕಾಲಿಗೆ ತಾಗಿದರೆ ಸಾಕು ಅನ್ನುವ ಹಾಗೆ. ಬಾಸ್‌ಗೆ ಆಳೆತ್ತರದ ಡಬಲ್ ಬಾಸ್ ನಮಗೆ ಸಿಗಲಿಲ್ಲ, ಬಾಸ್ ಗಿಟಾರ್‌ನಲ್ಲೇ ನುಡಿಸುತ್ತೇವೆ. ಕುತ್ತಿಗೆಯ ಹತ್ತಿರ ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಮೀಟಿದರೆ ಸದ್ದು ದುಂಡಗೆ ಬರುತ್ತದೆ. ಏಟಿಗೊಂದು ಸ್ವರ, ನಡೆದುಕೊಂಡು ಹೋದ ಹಾಗೆ. ಗಿಟಾರ್ ಕೂಡ ಏಟಿಗೊಂದೇ ಸಲ, ಬಾರಿಸಿದ ತಕ್ಷಣ ಎಡಗೈ ಸಡಿಲಿಸಿ ಸದ್ದು ನಿಲ್ಲಿಸಬೇಕು. ಕೌಂಟ್ ಬೇಸಿ ಅವರ ಬ್ಯಾಂಡಿಗೆ 1937ರಲ್ಲಿ ಸೇರಿದ ಫ್ರೆಡ್ಡಿ ಗ್ರೀನ್ ಸುಮಾರು ಐವತ್ತು ವರ್ಷ ಹೀಗೆಯೇ ನುಡಿಸಿದರು, ಸೋಲೋ ಮಾಡಿದ್ದು ತೀರಾ ಅಪರೂಪ. ನಮ್ಮ ಗಿಟಾರಿನವನಿಗೆ ಈ ವಿಷಯ ಹೇಳಿದ ದಿನದಿಂದ ಅವನು ತನ್ನ ಪಾರ್ಟನ್ನು ಪ್ರೀತಿಸೋಕೆ ಶುರು ಮಾಡಿದ. ರಿದಮ್‌ನ ನಾಲ್ವರು ಊದುವವರಿಲ್ಲದೆ ತಿಂಗಳಿಗೊಮ್ಮೆ ತಾವೇ ಕೂರಬೇಕು. ಅವರು ಕೂಡಿಬಂದರೆ ಊದುವವರು ತಾವಾಗಿ ಸ್ವಿಂಗ್ ಮಾಡುತ್ತಾರೆ.

ಮೊದಲ ಹಾಡು, ಅದೂ ಕಾಗದ ಇಲ್ಲದೆ

ನೊಟೇಶನ್ ಬಾರದು ಅಂತ ಬ್ಯಾಂಡ್ ಕಟ್ಟದೆ ಬಿಡಬೇಡಿ. ಕೌಂಟ್ ಬೇಸಿ ಅವರ ಬ್ಯಾಂಡಿನವರು ಶುರುವಿನ ದಿನಗಳಲ್ಲಿ ಎಷ್ಟೋ ಹಾಡುಗಳನ್ನು ಕಾಗದವಿಲ್ಲದೆ, ಬಾಯಲ್ಲಿ ಹೇಳಿಕೊಂಡು, ತಲೆಯಲ್ಲಿ ಇಟ್ಟುಕೊಂಡೇ ಕಟ್ಟಿದ್ದರು. ನೀವೂ ಹನ್ನೆರಡು ಸಾಲಿನ ಬ್ಲೂಸ್‌ನಿಂದ, ಅಂದ್ರೆ ಹನ್ನೆರಡು ಸಾಲು ಸುತ್ತಿ ಸುತ್ತಿ ಬರುವ ಹಾಡಿನಿಂದ, ಶುರು ಮಾಡಿ. ಒಂದು ಸಾಲು ಅಂದ್ರೆ ನಾಲ್ಕು ಏಟು.

ಇಲ್ಲಿ ನಮ್ಮ ಸರಿಗಮ ತುಂಬಾ ಕೈಹಿಡಿಯುತ್ತದೆ. ಕಾರಣ ಹೇಳುತ್ತೇನೆ. ಟ್ರಂಪೆಟ್‌ನಲ್ಲಿ "ಸಿ" ಅಂತ ಬರೆದದ್ದನ್ನು ಊದಿದರೆ ಪಿಯಾನೊದ ಬಿ ಫ್ಲ್ಯಾಟ್ ಕೇಳುತ್ತದೆ. ಆಲ್ಟೋ ಸ್ಯಾಕ್ಸ್‌ನಲ್ಲಿ "ಸಿ" ಊದಿದರೆ ಇ ಫ್ಲ್ಯಾಟ್. ಒಂದೊಂದು ವಾದ್ಯಕ್ಕೆ ಒಂದೊಂದು ಲೆಕ್ಕ, ಹೊಸಬರು ಇಲ್ಲೇ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಎಲ್ಲರಿಗೂ ಷಡ್ಜ ಒಂದೇ ಅಂತ ಇಟ್ಟುಕೊಂಡು, ಆ ಷಡ್ಜ ನಿಮ್ಮ ವಾದ್ಯದಲ್ಲಿ ಎಲ್ಲಿದೆ ಅಂತ ಹುಡುಕಿಕೊಂಡರೆ ಆಯಿತು. ಬಿ ಫ್ಲ್ಯಾಟ್ ಅನ್ನೇ ಷಡ್ಜ ಮಾಡಿ. ಹಾರ್ಮೋನಿಯಂನವರ ಲೆಕ್ಕದಲ್ಲಿ ಅದು ಕಪ್ಪು ಐದು. ಟ್ರಂಪೆಟ್, ಟೆನರ್, ಕ್ಲಾರ್ನೆಟ್‌ನವರಿಗೆ ಅದು ಸಿ. ಆಲ್ಟೋ, ಬ್ಯಾರಿಟೋನ್‌ನವರಿಗೆ ಜಿ. ಟ್ರೊಂಬೋನ್, ಪಿಯಾನೊ, ಬಾಸ್‌ನವರಿಗೆ ಬಿ ಫ್ಲ್ಯಾಟೇ. ಇಷ್ಟನ್ನು ಪ್ರತಿಯೊಬ್ಬರೂ ತಮ್ಮ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಲಿ.

ಈಗ ಹನ್ನೆರಡು ಸಾಲು. ಮೊದಲ ನಾಲ್ಕು ಸಾಲು ಷಡ್ಜದ ಮೇಲೆ. ಐದು, ಆರು ಮಧ್ಯಮದ ಮೇಲೆ. ಏಳು, ಎಂಟು ಮತ್ತೆ ಷಡ್ಜ. ಒಂಬತ್ತನೆಯದು ಪಂಚಮ, ಹತ್ತನೆಯದು ಮಧ್ಯಮ, ಕೊನೆಯ ಎರಡು ಷಡ್ಜ. ಬಾಸ್ ಮತ್ತು ಪಿಯಾನೊ ಇದನ್ನು ಸುತ್ತಿ ಸುತ್ತಿ ನುಡಿಸುತ್ತಾ ಇರಲಿ. ಸ್ಯಾಕ್ಸ್ ಮೂವರಲ್ಲಿ ಒಬ್ಬರು ಶುದ್ಧ ಗ, ಒಬ್ಬರು ಪ, ಒಬ್ಬರು ಕೋಮಲ ನಿ ಹಿಡಿಯಿರಿ. ಮಧ್ಯಮದ ಸಾಲು ಬಂದಾಗ ಶುದ್ಧ ಗ ಹಿಡಿದವರು ಕೋಮಲ ಗಕ್ಕೆ ಇಳಿಯಿರಿ, ಕೋಮಲ ನಿ ಹಿಡಿದವರು ಶುದ್ಧ ಧಕ್ಕೆ ಇಳಿಯಿರಿ, ಪ ಹಿಡಿದವರು ಅಲ್ಲೇ ಇರಿ. ಇಬ್ಬರು ಒಂದೊಂದೇ ಮನೆ ಜರುಗಿದ್ದು, ಇಡೀ ಬಣ್ಣವೇ ಬದಲಾಗುತ್ತದೆ. ಮೊದಲ ಸಲ ನಮಗೆ ಇದು ಸರಿಯಾಗಿ ಬಂದಾಗ ಯಾರೂ ಮುಂದಿನ ಸಾಲಿಗೆ ಹೋಗಲೇ ಇಲ್ಲ, ಅದನ್ನೇ ಹತ್ತು ಸಲ ಊದಿದೆವು. ಆಮೇಲೆ ಹಿತ್ತಾಳೆಯವರು ಎರಡು ಸ್ವರದ ಒಂದು ಚಿಕ್ಕ ತುಣುಕು ಮಾಡಿಕೊಂಡು ಸ್ಯಾಕ್ಸ್ ಬಿಟ್ಟ ಜಾಗದಲ್ಲಿ ಹಾಕಿದರೆ ಹಾಡು ತಯಾರು. ಎರಡೇ ಸ್ವರನಾ ಅಂತ ಅಂದುಕೊಳ್ಳಬೇಡಿ. ಡ್ಯೂಕ್ ಎಲಿಂಗ್ಟನ್ ಅವರ ಸಿ ಜಾಮ್ ಬ್ಲೂಸ್‌ನ ಮುಖ್ಯ ಧಾಟಿಯಲ್ಲಿ ಇರುವುದೇ ಎರಡು ಸ್ವರ.

ನೊಟೇಶನ್ ಕಲಿಯದೆಯೇ ಇದ್ದುಬಿಡಿ ಅಂತ ನಾನು ಹೇಳುತ್ತಿಲ್ಲ. ಮೂರ್ನಾಲ್ಕು ಹಾಡು ಆದ ಮೇಲೆ ತಲೆಯಲ್ಲಿ ಜಾಗ ಸಾಲುವುದಿಲ್ಲ. ಮ್ಯೂಸ್‌ಸ್ಕೋರ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಪಿಯಾನೊದ ಲೆಕ್ಕದಲ್ಲಿ ಬರೆದರೆ ಸಾಕು, ಯಾವ ವಾದ್ಯಕ್ಕೆ ಯಾವ ಸ್ವರ ಅಂತ ಅದೇ ಬದಲಾಯಿಸಿಕೊಡುತ್ತದೆ. 17 ಜನರಿಗೆ ಬರೆದ ಪಾರ್ಟ್ ತಂದು ಏಳು ಜನರಿಗೆ ಹಂಚೋಕೆ ಹೋಗಬೇಡಿ, ತೂತು ಬಿದ್ದ ಪರದೆಯ ಹಾಗಿರುತ್ತದೆ. ನಿಮ್ಮಲ್ಲಿ ಯಾರಿದ್ದಾರೋ ಅವರಿಗೆ ಅಂತಲೇ ಬರೆಯಿರಿ. ನಮ್ಮ ಟೆನರಿನವಳಿಗೆ ಕೆಳಗಿನ ಸ್ವರ ತುಂಬಾ ಚೆನ್ನಾಗಿ ಬರುತ್ತದೆ, ಹಾಗಾಗಿ ನಮ್ಮ ಹಾಡುಗಳಲ್ಲೆಲ್ಲ ಟೆನರ್ ಕೆಳಗೇ ಓಡಾಡುತ್ತದೆ.

ಭಾನುವಾರ

ನಾವು ಸೇರುವುದು ಗೆಳೆಯನ ಜೀನ್ಸ್ ಯೂನಿಟ್‌ನಲ್ಲಿ, ಬೆಳಿಗ್ಗೆ ಆರೂವರೆಗೆ. ಕಲ್ಯಾಣ ಮಂಟಪ ಸಿಕ್ಕಿತ್ತು, ಆದರೆ ಅಲ್ಲಿ ಸದ್ದು ಗೋಡೆಗೆ ಹೊಡೆದು ಹೊಡೆದು ಯಾರು ಏನು ಊದಿದರು ಅಂತಲೇ ಗೊತ್ತಾಗುತ್ತಿರಲಿಲ್ಲ. ಯೂನಿಟ್‌ನಲ್ಲಿ ನಾಲ್ಕೂ ಕಡೆ ಡೆನಿಮ್ ಥಾನುಗಳು, ಮೇಲಿನವರೆಗೂ ಪೇರಿಸಿರುತ್ತಾರೆ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ, ತಪ್ಪುಗಳೆಲ್ಲ ಬಿಡಿಬಿಡಿಯಾಗಿ ಕೇಳುತ್ತವೆ. ಅಕ್ಕಪಕ್ಕದವರಿಗೂ ತೊಂದರೆ ಕಡಿಮೆ.

ಕೂರುವ ರೀತಿ ಮುಖ್ಯ. ಮುಂದೆ ಸ್ಯಾಕ್ಸ್, ನಡುವೆ ಟ್ರೊಂಬೋನ್, ಹಿಂದೆ ಟ್ರಂಪೆಟ್ ನಿಂತುಕೊಂಡು. ಮೊದಲನೇ ಆಲ್ಟೋ, ಮೊದಲನೇ ಟ್ರೊಂಬೋನ್, ಮೊದಲನೇ ಟ್ರಂಪೆಟ್ ಮೂವರೂ ಒಬ್ಬರ ಹಿಂದೆ ಒಬ್ಬರು ಬರಬೇಕು, ಒಬ್ಬರ ಉಸಿರು ಒಬ್ಬರಿಗೆ ಕೇಳಬೇಕು. ರಿದಮ್ ಒಂದು ಪಕ್ಕಕ್ಕೆ, ಒತ್ತಾಗಿ. ಬಾಸ್ ಮತ್ತು ಡ್ರಮ್ಸ್ ನಡುವೆ ಮೊಳದಷ್ಟು ಜಾಗವೂ ಬೇಡ.

ಮೊದಲನೆಯವರು ಯಾರಾಗಬೇಕು ಅನ್ನುವುದರಲ್ಲೇ ಗೆಳೆತನ ಕೆಡುವುದು. ನಾವು ಮೊದಲು ಎಲ್ಲರಿಗಿಂತ ಜೋರಾಗಿ ಊದುವ ಗೆಳೆಯನನ್ನು ಮೊದಲನೇ ಟ್ರಂಪೆಟ್ ಮಾಡಿದೆವು, ಸ್ಕೂಲಲ್ಲೂ ಅವನೇ ಲೀಡರ್ ಆಗಿದ್ದ ಅಂತ. ಅವನು ಒಂದೊಂದು ವಾರ ಒಂದೊಂದು ಥರ ಊದುತ್ತಿದ್ದ, ನಮಗೆ ಹಿಂಬಾಲಿಸೋಕೆ ಆಗುತ್ತಿರಲಿಲ್ಲ. ಅದನ್ನು ಅವನಿಗೆ ನೇರವಾಗಿ ಹೇಳದೆ ಎರಡು ತಿಂಗಳು ಗೊಣಗಿಕೊಂಡೆವು, ಅದು ನಮ್ಮ ತಪ್ಪು. ಕೊನೆಗೆ ಹೇಳಿದಾಗ ಅವನು ಮೂರು ವಾರ ಬರಲಿಲ್ಲ. ನಾನು ಅವನ ಮನೆಗೆ ಹೋಗಿ, ಮಿರ್ಚಿ ಮಂಡಕ್ಕಿ ತಿನ್ನುತ್ತಾ ವಿವರಿಸಿದೆ: ಮೊದಲನೆಯವರ ಕೆಲಸ ಪ್ರತಿ ಸಲ ಒಂದೇ ಥರ ಊದುವುದು, ಎತ್ತರದ ಸ್ವರಗಳಿಗೆ ತುಟಿ ಉಳಿಸಿಕೊಳ್ಳುವುದು. ಹೊಸದಾಗಿ ಹುಟ್ಟಿಸಿಕೊಂಡು ಊದುವವರಿಗೆ ಸೋಲೋ ಇದೆ. ಅವನು ಈಗ ಟ್ರೊಂಬೋನ್, ನಮ್ಮ ಅತಿ ಉದ್ದದ ಸೋಲೋಗಳು ಅವನವೇ. ನೀವು ಎರಡು ತಿಂಗಳು ಕಾಯಬೇಡಿ, ಎರಡನೇ ವಾರವೇ ಹೇಳಿಬಿಡಿ.

ಮೊದಲ ಇಪ್ಪತ್ತು ನಿಮಿಷ ಉದ್ದ ಸ್ವರ. ಸುಮ್ನೆ ಒಂದು ಸ್ವರ ಹಿಡಿದು ಎಂಟು ಏಟು, ಎಲ್ಲರೂ ಒಟ್ಟಿಗೆ. ಶುರು ಮಾಡುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ನಿಲ್ಲಿಸುವುದನ್ನು ಯಾರೂ ಮಾಡುವುದಿಲ್ಲ. ನಾಲ್ಕು ಏಟಿನ ಸ್ವರ ಅಂದ್ರೆ ಮುಂದಿನ ಒಂದನೇ ಏಟಿಗೆ ಸರಿಯಾಗಿ ಊದುವ ಏಳು ಜನರೂ ಒಟ್ಟಿಗೆ ಸ್ವರ ನಿಲ್ಲಿಸಬೇಕು. ಬ್ಯಾಂಡ್ ಎಷ್ಟು ಪಳಗಿದೆ ಅಂತ ನಾನು ನೋಡುವುದು ಇದರಲ್ಲೇ. ಆಮೇಲೆ ಅರ್ಧ ಗಂಟೆ ಸ್ಯಾಕ್ಸ್ ಒಂದು ಕೋಣೆಯಲ್ಲಿ, ಹಿತ್ತಾಳೆ ಇನ್ನೊಂದರಲ್ಲಿ. ಕಷ್ಟದ ಜಾಗವನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ಊದಿ. ಹಾಡೋಕೆ ಬಾರದ್ದು ಊದೋಕೂ ಬರುವುದಿಲ್ಲ. ಕೊನೆಯ ಒಂದು ಗಂಟೆ ಎಲ್ಲರೂ ಒಟ್ಟಿಗೆ. ಹಿತ್ತಾಳೆಯವರು ಊದಿದಷ್ಟೇ ಹೊತ್ತು ವಿಶ್ರಾಂತಿ ತೆಗೆದುಕೊಳ್ಳಿ. ತುಟಿ ಸೋತಾಗ ಮೌತ್‌ಪೀಸ್ ಒತ್ತಿ ಊದಿದರೆ ಸ್ವರ ಬರುತ್ತದೆ ಅನಿಸುತ್ತದೆ, ಮಾರನೇ ದಿನ ತುಟಿ ಊದಿಕೊಂಡಿರುತ್ತದೆ.

ಶಿಫ್ಟ್ ಕೆಲಸದವರು ತಪ್ಪಿಸಿಕೊಳ್ಳುತ್ತಾರೆ, ಅದಕ್ಕೆ ಕೋಪ ಬೇಡ. ಪ್ರತಿ ವಾರದ ರೆಕಾರ್ಡಿಂಗ್ ವಾಟ್ಸಾಪ್‌ಗೆ ಹಾಕಿ. ಅಲ್ಲಿ ಬೇರೆ ಏನೂ ಹಾಕಬಾರದು, ಗುಡ್ ಮಾರ್ನಿಂಗ್ ಕೂಡ.

ಬಿಸಿಲಿನದ್ದು ಬೇರೆಯೇ ಹೇಳಬೇಕು, ಯಾಕಂದ್ರೆ ಹೊರಗಿನವರು ಬರೆದ ಪುಸ್ತಕಗಳಲ್ಲಿ ಬಳ್ಳಾರಿಯ ಏಪ್ರಿಲ್ ಇರುವುದಿಲ್ಲ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಸದ್ದು ವೇಗವಾಗಿ ಹೋಗುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್‌ನಷ್ಟು. ಹಾಗಾಗಿ 40 ಡಿಗ್ರಿಯಲ್ಲಿ ಊದುವ ವಾದ್ಯಗಳ ಶ್ರುತಿ ಏರುತ್ತದೆ. ಗಿಟಾರಿನ ತಂತಿ ಬಿಸಿಗೆ ಸಡಿಲವಾಗಿ ಇಳಿಯುತ್ತದೆ. ಕೀಬೋರ್ಡ್ ಮಾತ್ರ ಇದ್ದಲ್ಲೇ ಇರುತ್ತದೆ. ಮೂರೂ ಮೂರು ದಿಕ್ಕು. ಅದಕ್ಕೆ ಹದಿನೈದು ನಿಮಿಷ ಊದಿ ವಾದ್ಯ ಬಿಸಿಯಾದ ಮೇಲೆಯೇ ಕೀಬೋರ್ಡಿನ ಬಿ ಫ್ಲ್ಯಾಟ್‌ಗೆ ಶ್ರುತಿ ಮಾಡಿ. ಟ್ರಂಪೆಟ್‌ನವರು ಟ್ಯೂನಿಂಗ್ ಸ್ಲೈಡ್ ಹೊರಗೆಳೆಯಿರಿ, ಸ್ಯಾಕ್ಸ್‌ನವರು ಮೌತ್‌ಪೀಸ್ ಸ್ವಲ್ಪ ಹೊರಕ್ಕೆ ತೆಗೆಯಿರಿ. ಸ್ಯಾಕ್ಸ್‌ನ ಮೌತ್‌ಪೀಸ್‌ಗೆ ಕಟ್ಟುವ ತೆಳು ಪಟ್ಟಿ, ಅಂದ್ರೆ ರೀಡ್, ಒಣಗಿ ಸೊಟ್ಟಗಾಗುತ್ತದೆ, ಮೂರ್ನಾಲ್ಕು ರೀಡ್ ಇಟ್ಟುಕೊಂಡು ದಿನಕ್ಕೊಂದರಂತೆ ಬಳಸಿ, ಊದಿದ ಮೇಲೆ ಒರೆಸಿ ಡಬ್ಬಿಗೆ ಹಾಕಿ. ಶುರುವಿಗೆ 2 ಅಥವಾ 2½ ನಂಬರಿನ ರೀಡ್ ಸಾಕು. ನಿಲ್ಲಿಸಿದ ಕಾರಿನಲ್ಲಿ ವಾದ್ಯ ಬಿಡಲೇಬೇಡಿ. ನಮ್ಮ ಊರಿನ ಕೆಂಪು ಧೂಳು ವಾಲ್ವ್ ಒಳಗೆ ಕೂತು ಕಿರಿಕಿರಿ ಮಾಡುತ್ತದೆ. ತಿಂಗಳಿಗೊಮ್ಮೆ ಟ್ರಂಪೆಟ್ ಬಿಚ್ಚಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ವಾಲ್ವ್ ಎಣ್ಣೆ ಹಾಕಿ. ಸ್ಯಾಕ್ಸ್‌ಗೆ ನೀರು ತಾಗಿಸಬೇಡಿ, ಪ್ಯಾಡ್ ಹಾಳಾಗುತ್ತದೆ, ಬಟ್ಟೆ ಎಳೆದು ಒರೆಸಿ ಅಷ್ಟೇ.

ಒಂದು ಚಿಕ್ಕ ಖುಷಿಯ ವಿಷಯ. ಟ್ರಂಪೆಟ್ "ವಾ ವಾ" ಅಂತ ಮಾತಾಡುವ ಸದ್ದು ಕೇಳಿದ್ದೀರಲ್ಲ, ಅದಕ್ಕೆ ಬೇಕಾದದ್ದು ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು. ದೊಡ್ಡ ದೊಡ್ಡ ಬ್ಯಾಂಡ್‌ನವರೂ ಅದನ್ನೇ ಬಳಸಿದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸದು ತಂದು ಹಿಡಿ ಕಿತ್ತುಹಾಕಿ, ಟ್ರಂಪೆಟ್‌ನ ಅಗಲ ಬಾಯಿಗೆ ಹಿಡಿದು ಮುಚ್ಚಿ ತೆಗೆಯಿರಿ.

ಸ್ಟೇಜ್

ಮೊದಲ ಕಾರ್ಯಕ್ರಮ ಮದುವೆಯಲ್ಲಿ ಬೇಡ. ಅಲ್ಲಿ ಊಟದ ಕಡೆ ಗಮನ, ಜೊತೆಗೆ ಬ್ಯಾಂಡ್ ಸೆಟ್‌ನವರ ಹೊಟ್ಟೆಪಾಡಿಗೆ ಅಡ್ಡ ಬಂದ ಹಾಗಾಗುತ್ತದೆ. ಹಳೆಯ ವಿದ್ಯಾರ್ಥಿಗಳ ಸಮ್ಮಿಲನವೇ ಒಳ್ಳೆಯದು, ನಮ್ಮದೂ ಅಲ್ಲೇ ಆಗಿದ್ದು. ನಲವತ್ತು ನಿಮಿಷ, ಏಳು ಹಾಡು, ಅದಕ್ಕಿಂತ ಜಾಸ್ತಿ ತುಟಿ ತಡೆಯುವುದಿಲ್ಲ. ಚೆನ್ನಾಗಿ ಬರುವ ಹಾಡು ಮೊದಲು, ಅದಕ್ಕಿಂತ ಚೆನ್ನಾಗಿ ಬರುವುದು ಕೊನೆಗೆ, ನಿಧಾನದ್ದು ನಾಲ್ಕನೆಯದು. ಊದುವವರಿಗೆ ಮೈಕ್ ಬೇಡ ಅಂತ ಸೌಂಡ್‌ನವರಿಗೆ ಮೊದಲೇ ಹೇಳಿ, ಅವರು ನಂಬುವುದಿಲ್ಲ, ಒಂದು ಸಲ ಊದಿ ತೋರಿಸಿ. ಕೀಬೋರ್ಡ್, ಬಾಸ್, ಸೋಲೋ ಮಾಡುವವರಿಗೆ ಮುಂದೊಂದು ಮೈಕ್, ಇಷ್ಟೇ. ಬಯಲಲ್ಲಿ ಧ್ವನಿವರ್ಧಕ ಹಾಕುವುದಾದರೆ ಅನುಮತಿ ಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹಾಕುವಂತಿಲ್ಲ.

ಜನ ಕೇಳುತ್ತಾರಾ ಅಂತ ಹೆದರಬೇಡಿ. ಇದು ನಾಟಕದ ನಟ ಬಳ್ಳಾರಿ ರಾಘವರ ಊರು, ರಾತ್ರಿಯಿಡೀ ಬಯಲಾಟಕ್ಕೆ ಕೂರುವ ಜನ. ನಾವು ಪ್ರತಿ ಹಾಡಿಗೂ ಮೊದಲು ಒಂದು ಗುಂಪಿನಿಂದ ಎರಡು ಸಾಲು ಬಿಡಿಯಾಗಿ ಊದಿಸಿ ತೋರಿಸುತ್ತೇವೆ. ಮೊದಲು ಸ್ಯಾಕ್ಸ್, ಆಮೇಲೆ ಹಿತ್ತಾಳೆ, ಆಮೇಲೆ ಎರಡೂ. ಆಗ ಕೇಳುವವರಿಗೂ ಒಳಗಿನ ಸದ್ದು ಹಿಡಿಯುತ್ತದೆ. ಕಳೆದ ಸಲ ಮುಂದಿನ ಸಾಲಿನಲ್ಲಿ ನಮ್ಮ ಮಾಸ್ತರು ಕೂತಿದ್ದರು. ಕೊನೆಯ ಹಾಡು ಮುಗಿದ ಮೇಲೆ ನನ್ನನ್ನು ಕರೆದು, "ಎಂಟನೇ ಸಾಲಲ್ಲಿ ನೀನು ಬೇಗ ಬಿಟ್ಟೆ" ಅಂದರು. ರೆಕಾರ್ಡಿಂಗ್ ಹಾಕಿ ಕೇಳಿದೆ, ಅರ್ಧ ಏಟು ಬೇಗ ಬಿಟ್ಟಿದ್ದೆ. ಈ ಭಾನುವಾರ ಅದನ್ನೇ ಮೊದಲು ಹಿಡಿಯುತ್ತೇವೆ.